ಮೈಸೂರಿನ ಅಂಗಡಿಬೀದಿಗಳಲ್ಲಿ ಇತಿಹಾಸದ ಪಾಠ

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ತುಮಕೂರು ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನವನ್ನು ಬೋಧಿಸಿದ ನಾನು, ನಿವೃತ್ತಿಯ ನಂತರ 2019ರಲ್ಲಿ ಮೈಸೂರಿಗೆ ಬಂದು ನೆಲೆಸಿದೆ. ಮೈಸೂರು ನನಗೆ ಪುಸ್ತಕದ ಮೂಲಕ ಚೆನ್ನಾಗಿ ಪರಿಚಯವಿದ್ದ ಊರು. 1799ರಲ್ಲಿ ಶ್ರೀರಂಗಪಟ್ಟಣದ ಪತನ, 1831ರಲ್ಲಿ ಆಡಳಿತವು ಬ್ರಿಟಿಷ್ ಕಮಿಷನರ ಕೈಸೇರಿದ್ದು, 1881ರಲ್ಲಿ ಅದು ಒಡೆಯರಿಗೆ ಮರಳಿದ್ದು – ಈ ಮೂರು ಇಸವಿಗಳನ್ನು ಎಷ್ಟು ತರಗತಿಗಳಲ್ಲಿ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಪುಸ್ತಕದಲ್ಲಿ ಊರನ್ನು ತಿಳಿಯುವುದು ಬೇರೆ, ಊರಿನಲ್ಲಿ ಸೇರು ಅಕ್ಕಿ ಕೊಂಡು ಬಾಳುವುದು ಬೇರೆ. ಅರಮನೆಯನ್ನು ಒಂದು ದಿನದಲ್ಲಿ ನೋಡಿ ಮುಗಿಸಬಹುದು. ಇಲ್ಲಿಯ ಸಣ್ಣ ಅಂಗಡಿಗಳನ್ನು ನೋಡಿ ಮುಗಿಸಲು ನನಗೆ ಇನ್ನೂ ಸಾಧ್ಯವಾಗಿಲ್ಲ.

ಹೊಸ ಊರಿಗೆ ಬಂದವನಿಗೆ ಮೊದಲು ಬೇಕಾಗುವುದು ಅಂಗಡಿಯೇ. ಬಂಧುಗಳಿಲ್ಲ, ಶಿಷ್ಯರಿಲ್ಲ, ಬೀದಿಯಲ್ಲಿ ನಿಲ್ಲಿಸಿ 'ನಮಸ್ಕಾರ ಮೇಷ್ಟ್ರೇ' ಎನ್ನುವವರಿಲ್ಲ. ಕಾಫಿಪುಡಿ, ಹೂವು, ಬೆಂಕಿಪೊಟ್ಟಣಗಳಿಗಾಗಿ ದಿನಕ್ಕೊಂದು ಬೀದಿ ಅಲೆಯುತ್ತಾ ಹೋದಂತೆ, ನಾನು ಬೋಧಿಸಿದ ಇತಿಹಾಸವೆಲ್ಲ ಈ ಅಂಗಡಿಗಳ ಕಪಾಟುಗಳಲ್ಲಿ, ತಕ್ಕಡಿಗಳಲ್ಲಿ, ಮಾತುಗಳಲ್ಲಿ ಉಳಿದುಕೊಂಡಿರುವುದು ಕಾಣತೊಡಗಿತು. ಈ ಲೇಖನದಲ್ಲಿ ಅದನ್ನೇ ಕೆಲಮಟ್ಟಿಗೆ ಹೇಳಲು ಯತ್ನಿಸುತ್ತೇನೆ.

ನಾಲೆಯ ಮೇಲೊಂದು ಬೀದಿ

'ಅಂಗಡಿ' ಎಂಬುದು ನಮ್ಮ ಹಳೆಯ ಮಾತು. ದ್ರಾವಿಡ ಭಾಷೆಗಳಿಗೆ ಸಾಮಾನ್ಯವಾದ ಪದ. ಹಳೆಯ ತಮಿಳು ಕಾವ್ಯಗಳಲ್ಲಿ ಹಗಲಂಗಡಿಗೆ 'ನಾಳಂಗಾಡಿ' ಎಂದೂ ಇರುಳಂಗಡಿಗೆ 'ಅಲ್ಲಂಗಾಡಿ' ಎಂದೂ ಬೇರೆ ಬೇರೆ ಹೆಸರುಗಳಿವೆ. ಹೊಯ್ಸಳರ ಮೂಲಸ್ಥಾನವೆನಿಸಿದ ಸೊಸೆವೂರು ಇಂದು ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಗ್ರಾಮ. ರಾಜವಂಶವೊಂದು ಹುಟ್ಟಿದ ಸ್ಥಳಕ್ಕೆ ಕೊನೆಗೆ ಉಳಿದದ್ದು ಅಂಗಡಿಯ ಹೆಸರು ಎಂಬುದು ಯೋಚಿಸತಕ್ಕ ವಿಷಯ.

ಮೈಸೂರಿನ ಅಂಗಡಿಬೀದಿಗಳ ಕಥೆ ಅಷ್ಟು ಹಳೆಯದಲ್ಲ. 1799ರ ನಂತರ ರಾಜಧಾನಿ ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದಾಗ ಊರೆಂದರೆ ಮುಖ್ಯವಾಗಿ ಕೋಟೆ ಮತ್ತು ಅದರ ಆಚೆಗಿನ ಪೇಟೆ. ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರಲು ಒಂದು ನಾಲೆಯನ್ನು ತೋಡಿಸಲು ಹೊರಟರು. ಆ ಯತ್ನ ಕೈಗೂಡಲಿಲ್ಲ. ನೀರು ಬಾರದ ನಾಲೆ ಬಹುಕಾಲ ಊರ ನಡುವೆ ಹಳ್ಳವಾಗಿ, ಕೊಳಚೆಯಾಗಿ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಮುಚ್ಚಿ ಅದರ ಮೇಲೆ ಮಾಡಿದ ರಸ್ತೆಯೇ, ಬರೋಡದ ಮಹಾರಾಜರ ಹೆಸರು ಹೊತ್ತ ಇಂದಿನ ಸಯ್ಯಾಜಿರಾವ್ ರಸ್ತೆ. ದಸರಾ ಜಂಬೂಸವಾರಿ ಸಾಗುವುದೂ, ಮೈಸೂರಿನ ಅತ್ಯಂತ ಜನನಿಬಿಡ ವ್ಯಾಪಾರ ನಡೆಯುವುದೂ ನೀರು ಹರಿಯದೆ ಹೋದ ಆ ನಾಲೆಯ ಮೇಲೆ.

1881ರಲ್ಲಿ ಒಡೆಯರ ಆಳ್ವಿಕೆ ಮರಳಿತು. 1882ರಲ್ಲಿ ಬೆಂಗಳೂರಿನಿಂದ ರೈಲು ಬಂದಿತು. ರಾಜಧಾನಿಗೆ ತಕ್ಕ ಮಾರುಕಟ್ಟೆ ಬೇಕೆನಿಸಿತು. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ರೂಪುಗೊಳ್ಳತೊಡಗಿದ ಮಾರುಕಟ್ಟೆಗೆ ಹದಿನೇಳನೆಯ ಶತಮಾನದ ದೊಡ್ಡದೇವರಾಜ ಒಡೆಯರ ಹೆಸರಿಟ್ಟರು. ಅದೇ ದೇವರಾಜ ಮಾರುಕಟ್ಟೆ. ಅದರ ಎದುರಿಗೆ, ವೈಸರಾಯ್ ಡಫರಿನ್ನರ ಭೇಟಿಯ ನೆನಪಿನ ಚಿಕ್ಕಗಡಿಯಾರ. ಇನ್ನೊಬ್ಬ ವೈಸರಾಯ್ ಲ್ಯಾನ್ಸ್‌ಡೌನ್ 1892ರಲ್ಲಿ ಬಂದುದರ ನೆನಪಿಗೆ ಲ್ಯಾನ್ಸ್‌ಡೌನ್ ಬಜಾರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಎದ್ದ ದೊಡ್ಡಗಡಿಯಾರದಲ್ಲಿ ಗಂಟೆಗಳು ಕನ್ನಡ ಅಂಕಿಗಳಲ್ಲಿವೆ. ಒಂದು ಅರ್ಧ ಮೈಲಿಯೊಳಗೆ ದೊರೆಗಳು, ದಿವಾನರು, ವೈಸರಾಯರು ಎಲ್ಲರ ಹೆಸರುಗಳೂ ಸಿಗುತ್ತವೆ. ಅಲ್ಲಿ ಜೀವಮಾನವಿಡೀ ಕುಳಿತು ವ್ಯಾಪಾರ ಮಾಡಿದ ಒಬ್ಬರ ಹೆಸರನ್ನೂ ಯಾವ ಕಲ್ಲಿನಲ್ಲೂ ಕೆತ್ತಿಲ್ಲ.

ಮೊಹಲ್ಲೆಗಳ ಒಳಗಿನ ಅಂಗಡಿಗಳಿಗೆ ಬೇರೆಯದೇ ಕಾರಣವಿದೆ. 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟಿತು. ಇಕ್ಕಟ್ಟಾದ ಪೇಟೆಗಳಲ್ಲಿ ಜನ ಹುಳುಗಳಂತೆ ಸತ್ತರು. ಆ ಅನುಭವದಿಂದಲೇ 1903ರಲ್ಲಿ ನಗರಾಭಿವೃದ್ಧಿಗಾಗಿ ಟ್ರಸ್ಟ್ ಬೋರ್ಡು ಸ್ಥಾಪನೆಯಾಗಿ, ಗಾಳಿ ಬೆಳಕು ಬರುವ ಅಗಲ ರಸ್ತೆಗಳ ಹೊಸ ಬಡಾವಣೆಗಳು ಹುಟ್ಟಿದವು. ಮನೆಗಳು ಪೇಟೆಯಿಂದ ದೂರ ಸರಿದಂತೆ ದಿನಸಿ ಅಂಗಡಿಯೂ ಮನೆಗಳ ಬಳಿಗೆ ನಡೆದು ಬಂದಿತು. ಇಂದು ಬಡಾವಣೆಯ ಮೂಲೆಯಲ್ಲಿ ಕಾಣುವ, ಎರಡು ಮೆಟ್ಟಿಲು ಏರಿ ನಿಲ್ಲಬೇಕಾದ ಆ ಸಣ್ಣ ಅಂಗಡಿಯ ಹಿಂದೆ ಒಂದು ಮಹಾಮಾರಿಯ ನೆನಪಿದೆ.

ಗ್ರಂದಿಗೆ ಅಂಗಡಿ

ನನ್ನನ್ನು ಮೊದಲು ಸೆಳೆದದ್ದು ಮಾರುಕಟ್ಟೆಯ ಸಮೀಪದ ಒಂದು ಗ್ರಂದಿಗೆ ಅಂಗಡಿ. ಅಗಲ ಆರಡಿ ಇದ್ದರೆ ಹೆಚ್ಚು. ಉದ್ದಕ್ಕೆ ಒಳಗೆ ಎಲ್ಲಿಗೆ ಮುಗಿಯುತ್ತದೋ ಹೊರಗೆ ನಿಂತವರಿಗೆ ತಿಳಿಯದು. ಗೋಡೆಯ ತುಂಬ ಮರದ ಪುಟ್ಟ ಸೆಳೆಖಾನೆಗಳು. ಶೀಗೆಕಾಯಿ, ಅಂಟುವಾಳ, ಬಜೆ, ಹಿಪ್ಪಲಿ, ಜಾಯಿಕಾಯಿ, ಜ್ಯೇಷ್ಠಮಧು, ಅಳಲೆಕಾಯಿ, ಲಾವಂಚ, ಕಚೋರ, ಸಾಂಬ್ರಾಣಿ, ಹಾಲುಮಡ್ಡಿ, ಕರ್ಪೂರ, ಜನಿವಾರ, ದರ್ಭೆ – ಹುಟ್ಟಿನಿಂದ ತಿಥಿಯವರೆಗೆ ಬೇಕಾದುದೆಲ್ಲ ಅಲ್ಲುಂಟು. ಯಾವ ಸೆಳೆಖಾನೆಗೂ ಚೀಟಿಯಿಲ್ಲ. ಕೇಳಿದ ವಸ್ತುವಿನತ್ತ ಯಜಮಾನರ ಕೈ ನೇರವಾಗಿ ಹೋಗುತ್ತದೆ.

"ಇಷ್ಟೊಂದು ಹೇಗೆ ಜ್ಞಾಪಕ ಇಟ್ಕೊಂಡಿದ್ದೀರಿ ಯಜಮಾನರೇ?" ಎಂದು ಒಮ್ಮೆ ಕೇಳಿದೆ.

"ಕೈಗೆ ಗೊತ್ತು ಮೇಷ್ಟ್ರೇ, ನನ್ನ ಕೇಳಿದ್ರೆ ಹೇಳಕ್ಕೆ ಬರಲ್ಲ" ಎಂದರು.

'ಗ್ರಂದಿಗೆ' ಎಂಬ ಮಾತಿನ ಬಗ್ಗೆ ಅನೇಕರು 'ಗ್ರಂಥ'ವನ್ನು ನೆನೆಯುತ್ತಾರೆ. ಆದರೆ ಅದರ ಬೇರು ಇರುವುದು ಗಂಧದಲ್ಲಿ. ಸುಗಂಧದ್ರವ್ಯಗಳನ್ನು ಮಾರುವವನು ಸಂಸ್ಕೃತದಲ್ಲಿ 'ಗಾಂಧಿಕ', ಕನ್ನಡದಲ್ಲಿ 'ಗಂದಿಗ'. ಅವನ ಅಂಗಡಿ ಗಂದಿಗೆ ಅಂಗಡಿ. ಜನರ ನಾಲಿಗೆಯಲ್ಲಿ ಅದು ಗ್ರಂದಿಗೆಯಾಯಿತು. ಗುಜರಾತಿನಲ್ಲಿ ಇದೇ ಕಸುಬಿನವರ ಮನೆತನದ ಹೆಸರು 'ಗಾಂಧಿ'. ಮಹಾತ್ಮರ ಹೆಸರಿಗೂ ನಮ್ಮ ಮೈಸೂರಿನ ಶೀಗೆಕಾಯಿ ಅಂಗಡಿಗೂ ಒಂದೇ ಮೂಲವೆಂಬುದನ್ನು ತರಗತಿಯಲ್ಲಿ ಹೇಳಿದ್ದರೆ ಹಿಂದಿನ ಬೆಂಚಿನ ಹುಡುಗರೂ ಕಿವಿ ನಿಮಿರಿಸುತ್ತಿದ್ದರು.

ಈ ಅಂಗಡಿಗೆ ಬರುವವರನ್ನು ನೋಡುತ್ತ ನಿಲ್ಲುವುದೇ ಒಂದು ಅಭ್ಯಾಸವಾಯಿತು. ಬಾಣಂತಿಯ ಖಾರಕ್ಕೆ ಸಾಮಾನು ಕೊಳ್ಳುವ ಅಜ್ಜಿ, ಹೋಮಕ್ಕೆ ಪಟ್ಟಿ ಹಿಡಿದ ಪುರೋಹಿತರು, ಲೋಬಾನ ಕೇಳುವ ಮುಸಲ್ಮಾನ ಹಿರಿಯರು, ನಾಟಿ ವೈದ್ಯ ಮಾಡುವ ಹಳ್ಳಿಯವರು. ಚೀಟಿಯಲ್ಲಿ ಬರೆಯದೆ 'ಮಗೂಗೆ ಕೆಮ್ಮು' ಎಂದಷ್ಟೇ ಹೇಳಿದರೆ ಸಾಕು, ನಾಲ್ಕು ಬೇರುಗಳು ಕಾಗದದ ಪೊಟ್ಟಣವಾಗುತ್ತವೆ. ಅದರಿಂದ ಕೆಮ್ಮು ಹೋಗುವುದೋ ಇಲ್ಲವೋ ವೈದ್ಯರು ಹೇಳಬೇಕು. ಆದರೆ ಪುಸ್ತಕಕ್ಕೆ ಏರದ ಒಂದು ತಿಳಿವಳಿಕೆ ಅಲ್ಲಿ ಕೈಯಿಂದ ಕೈಗೆ ಸಾಗಿ ಬಂದಿದೆ ಎಂಬುದರಲ್ಲಿ ಅನುಮಾನವಿಲ್ಲ.

ಅಳತೆ, ಕಾಫಿ, ಕೈಗಡಿಯಾರ

ದೇವರಾಜ ಮಾರುಕಟ್ಟೆಯೊಳಗೆ ಹೋದರೆ ಹೂವಿನ ಸಾಲಿನಲ್ಲಿ ಇಂದಿಗೂ ಮೊಳ, ಮಾರುಗಳ ಲೆಕ್ಕ. ಭಾರತ ಸರ್ಕಾರ ಮೆಟ್ರಿಕ್ ಪದ್ಧತಿಯ ತೂಕ-ಅಳತೆಗಳಿಗೆ ಕಾಯಿದೆ ಮಾಡಿದ್ದು 1956ರಲ್ಲಿ. ಆಣೆ ಹೋಗಿ ನಯೆಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಸೇರು, ಪಾವು, ಚಟಾಕುಗಳು ಕಾಗದದ ಮೇಲೆ ಅಂದೇ ಸತ್ತವು. ಆದರೆ ಮಲ್ಲಿಗೆ ಮಾರುವ ತಾಯಿಯ ಮೊಳಕೈಯನ್ನು ಯಾವ ಕಾಯಿದೆಯೂ ಮುಟ್ಟಲಾಗಲಿಲ್ಲ. ಗಿಡ್ಡ ಕೈಯವರ ಬಳಿ ಕೊಳ್ಳಬಾರದೆಂದು ನನ್ನ ಶ್ರೀಮತಿಯ ಅಭಿಪ್ರಾಯ. ಅದು ಅರ್ಥಶಾಸ್ತ್ರಕ್ಕೆ ಸಮ್ಮತವಾದುದೇ.

ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡಿನ ರಸಬಾಳೆ – ಈ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಹೆಸರಿಗೆ ಮಾನ್ಯತೆ ಬಂದರೂ ವಸ್ತು ಉಳಿಯುವುದೆಂಬ ಭರವಸೆಯಿಲ್ಲ. ಪನಾಮಾ ಸೊರಗುರೋಗಕ್ಕೆ ಸಿಕ್ಕಿ ರಸಬಾಳೆಯ ತೋಟಗಳು ಕುಗ್ಗಿ ಹೋದವು. ಬಾಳೆಹಣ್ಣಿನ ಅಂಗಡಿಯಲ್ಲಿ ಪಚ್ಚಬಾಳೆ, ಪುಟ್ಟಬಾಳೆಗಳ ಗೊನೆಗಳು ಧಾರಾಳವಾಗಿ ತೂಗುತ್ತಿರುತ್ತವೆ. ರಸಬಾಳೆ ಕೇಳಿದರೆ ಹಣ್ಣಿನವರು ಮೊದಲು ನಮ್ಮ ಮುಖ ನೋಡುತ್ತಾರೆ, ಆಮೇಲೆ 'ಬಂದಾಗ ತೆಗೆದಿಟ್ಟಿರ್ತೀನಿ ಸ್ವಾಮಿ' ಎನ್ನುತ್ತಾರೆ. ಆ ಒಂದು ವಾಕ್ಯದಲ್ಲಿ ಒಂದು ಬೆಳೆಯ ಇತಿಹಾಸವೇ ಅಡಗಿದೆ.

ಕಾಫಿಬೀಜ ಹುರಿದು ಕಣ್ಣೆದುರೇ ಪುಡಿ ಮಾಡಿಕೊಡುವ ಅಂಗಡಿಯನ್ನು ನಾನು ಹುಡುಕಿದ್ದಲ್ಲ. ಬೀದಿಯ ತಿರುವಿನಲ್ಲಿ ಅದರ ವಾಸನೆಯೇ ನನ್ನನ್ನು ಹುಡುಕಿತು. ಪೀಬರಿ ಎಷ್ಟು, ಪ್ಲಾಂಟೇಷನ್ ಎಷ್ಟು, ಚಿಕೋರಿ ಬೇಕೇ ಬೇಡವೇ ಎಂದು ಮನೆಮನೆಯ ಲೆಕ್ಕವನ್ನು ಬಾಯಲ್ಲಿಟ್ಟುಕೊಂಡಿರುವ ಆ ಅಂಗಡಿಯ ಹಿರಿಯರು 'ಪೂಲ್ ಕಾಲ', 'ಪೂಲ್ ಹೋದ ಮೇಲಿನ ಕಾಲ' ಎಂದು ಯುಗಗಳನ್ನು ವಿಂಗಡಿಸಿ ಮಾತನಾಡುತ್ತಾರೆ. ಹೊಸ ಓದುಗರಿಗಾಗಿ ಇದನ್ನು ವಿವರಿಸಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿ ಕಾಫಿ ಬೆಳೆಗಾರರು ಕಂಗಾಲಾದರು. 1942ರ ಕಾಯಿದೆಯ ಮೇರೆಗೆ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಮಂಡಳಿಯ ಸಮುಚ್ಚಯಕ್ಕೆ, ಅಂದರೆ ಪೂಲ್‌ಗೆ, ಒಪ್ಪಿಸಬೇಕಾಯಿತು. ಮಂಡಳಿ ಅದನ್ನು ಹರಾಜಿನಲ್ಲಿ ಮಾರುತ್ತಿತ್ತು. ಯುದ್ಧ ಮುಗಿದರೂ ಪದ್ಧತಿ ಮುಗಿಯಲಿಲ್ಲ. 1990ರ ದಶಕದ ಮಧ್ಯಭಾಗದಲ್ಲಿ ಅದು ಸಂಪೂರ್ಣವಾಗಿ ತೆರವಾಗಿ ಬೆಳೆಗಾರ ತನ್ನ ಬೀಜವನ್ನು ತಾನೇ ಮಾರುವಂತಾಯಿತು. ಉದಾರೀಕರಣವೆಂದು ನಾವು ಹತ್ತನೆಯ ತರಗತಿಯಲ್ಲಿ ಅರ್ಧ ಪುಟದಲ್ಲಿ ಮುಗಿಸುವ ಪಾಠ ಈ ಹುರಿಯುವ ಡ್ರಮ್ಮಿನ ಪಕ್ಕದಲ್ಲಿ ನಿಂತರೆ ಅರ್ಧ ಗಂಟೆಯ ಕಥೆ.

ದೊಡ್ಡಗಡಿಯಾರದ ಆಸುಪಾಸಿನ ಒಂದು ಓಣಿಯಲ್ಲಿ ಕೈಗಡಿಯಾರ ರಿಪೇರಿ ಮಾಡುವವರೊಬ್ಬರಿದ್ದಾರೆ. ಒಂದು ಮೇಜು, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಗಾಜಿನ ಪೆಟ್ಟಿಗೆ – ಅಂಗಡಿಯೆಂದರೆ ಅಷ್ಟೇ. ನನ್ನ ಎಚ್‌ಎಂಟಿ ಗಡಿಯಾರವನ್ನು ಕೈಗೆ ಕೊಟ್ಟಾಗ ಅವರು ಅದನ್ನು ಕಿವಿಗೆ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದೊಂದಿಗೆ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಸ್ಥಾಪನೆಯಾಯಿತು. ಮುಂದೆ ನಮ್ಮ ತುಮಕೂರಿಗೂ ಒಂದು ಕಾರ್ಖಾನೆ ಬಂದಿತು. ನನ್ನ ಎಷ್ಟೋ ವಿದ್ಯಾರ್ಥಿಗಳ ತಂದೆತಾಯಿಯರು ಅಲ್ಲಿ ಕೆಲಸ ಮಾಡಿದವರು. ಎಸ್.ಎಸ್.ಎಲ್.ಸಿ. ತೇರ್ಗಡೆಯಾದವನಿಗೆ ಎಚ್‌ಎಂಟಿ, ಮದುವೆಯ ಗಂಡಿಗೆ ಎಚ್‌ಎಂಟಿ, ನಿವೃತ್ತನಾದವನಿಗೂ ಎಚ್‌ಎಂಟಿ ಎಂಬ ಕಾಲವೊಂದಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಆ ಗಡಿಯಾರಗಳ ಬಿಡಿಭಾಗಗಳು ಮೈಸೂರಿನ ಈ ಗಾಜಿನ ಪೆಟ್ಟಿಗೆಯಲ್ಲಿ, ಹಳೆಯ ಮಾತ್ರೆ ಡಬ್ಬಿಗಳೊಳಗೆ, ಇನ್ನೂ ಇವೆ. ಸಾರ್ವಜನಿಕ ಉದ್ಯಮವೊಂದರ ಕೊನೆಯ ಅವಶೇಷಗಳನ್ನು ಜೋಪಾನ ಮಾಡುತ್ತಿರುವವರು ಎರಡು ಚದರಡಿ ಮೇಜಿನ ಒಬ್ಬ ವ್ಯಕ್ತಿ.

ಅಂಗಡಿಯವರೂ ಹೊಸಬರೇ

ಹೊಸ ಊರಿನಲ್ಲಿ ನಾನೊಬ್ಬನೇ ಹೊರಗಿನವನೆಂಬ ಭಾವನೆ ಆರಂಭದಲ್ಲಿ ನನ್ನನ್ನು ಕಾಡುತ್ತಿತ್ತು. ಮಾತಿಗೆ ಮಾತು ಬೆಳೆದಂತೆ ಅಂಗಡಿಯವರ ಪೂರ್ವಿಕರೂ ಒಂದಲ್ಲ ಒಂದು ಕಾಲದಲ್ಲಿ ಇಲ್ಲಿಗೆ ಬಂದು ಸೇರಿದವರೇ ಎಂಬುದು ತಿಳಿಯಿತು. ನಾನು ನಿತ್ಯ ತಿಂಡಿಗೆ ಹೋಗುವ ಹೋಟೆಲಿನವರ ಅಜ್ಜ ಕರಾವಳಿಯಿಂದ ಬಂದವರು. 1923ರಲ್ಲಿ ದಕ್ಷಿಣ ಕನ್ನಡವನ್ನು ಕೊಚ್ಚಿಕೊಂಡು ಹೋದ ಮಹಾಪ್ರವಾಹವನ್ನು ಆ ಮನೆಯಲ್ಲಿ ಇಂದಿಗೂ ನೆನೆಯುತ್ತಾರೆ. ಮನೆ ಮಠ ಕಳೆದುಕೊಂಡ ಎಷ್ಟೋ ಹುಡುಗರು ಘಟ್ಟ ಹತ್ತಿ ಹೋಟೆಲುಗಳಲ್ಲಿ ಲೋಟ ತೊಳೆಯುವ ಕೆಲಸದಿಂದ ಬದುಕನ್ನು ಆರಂಭಿಸಿದರು. ಬಟ್ಟೆ ಅಂಗಡಿಯವರ ಮನೆಮಾತು ಮಾರವಾಡಿ, ವ್ಯಾಪಾರದ ಮಾತು ಅಚ್ಚ ಮೈಸೂರು ಕನ್ನಡ. ಬೇಕರಿಯವರು ಮಲಯಾಳ ನಾಡಿನಿಂದ ಬಂದವರು. ಚಳಿಗಾಲದಲ್ಲಿ ಉಣ್ಣೆಬಟ್ಟೆ ಮಾರುವವರು 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ ನೆಲೆ ಕಂಡ ಟಿಬೆಟನ್ನರ ಮಕ್ಕಳು. ಬರ, ಪ್ರವಾಹ, ಯುದ್ಧ, ಗಡಿ – ಇವು ಜನರನ್ನು ಎಲ್ಲೆಲ್ಲಿಂದಲೋ ಎಬ್ಬಿಸಿ ತಂದವು. ಊರಿಗೆ ಹೊಸಬನಾದವನಿಗೆ ಜಮೀನು ಸಿಗುವುದಿಲ್ಲ, ಸರ್ಕಾರಿ ಹುದ್ದೆ ಸಿಗುವುದಿಲ್ಲ. ಆದರೆ ಒಂದು ಗಲ್ಲಾಪೆಟ್ಟಿಗೆ ಇಡುವಷ್ಟು ಜಾಗ ಸಿಕ್ಕರೆ ಬೇರು ಬಿಡಬಹುದು.

ಅರಮನೆಯಿಂದ ಅಂಗಡಿಗೆ ಇಳಿದು ಬಂದವರೂ ಇದ್ದಾರೆ. ನಾಲ್ವಡಿಯವರ ಕಾಲದಲ್ಲಿ ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರು ಮೈಸೂರು ಪಾಕನ್ನು ಮೊದಲು ಮಾಡಿದರೆಂದು ಪ್ರತೀತಿ. ಅವರ ವಂಶಸ್ಥರು ಸಯ್ಯಾಜಿರಾವ್ ರಸ್ತೆಯಲ್ಲಿ ನಡೆಸುತ್ತಿರುವ ಗುರು ಸ್ವೀಟ್ಸ್ ಮುಂದೆ ಸದಾ ಜನ. ದೊರೆಯ ತಟ್ಟೆಯಲ್ಲಿದ್ದುದು ಇಂದು ಕಾಗದದ ಪೊಟ್ಟಣದಲ್ಲಿ ಯಾರ ಕೈಗಾದರೂ ಬರುತ್ತದೆ. ರಾಜಪ್ರಭುತ್ವದಿಂದ ಪ್ರಜಾಪ್ರಭುತ್ವಕ್ಕೆ ನಾವು ಬಂದ ದಾರಿಯನ್ನು ಇಷ್ಟು ಸಿಹಿಯಾಗಿ ಬೇರೆ ಯಾರೂ ತೋರಿಸಲಾರರು.

ಮೈಸೂರಿನಲ್ಲಿ ಬಹುಕಾಲ ಬಾಳಿದ ಆರ್.ಕೆ. ನಾರಾಯಣರು ಇದನ್ನೆಲ್ಲ ಚೆನ್ನಾಗಿ ಕಂಡಿದ್ದರು. ಅವರ ಮಾಲ್ಗುಡಿಯ ನಾಯಕರು ಯಾರು? 1952ರ 'ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್' ಕಾದಂಬರಿಯ ಮಾರ್ಗಯ್ಯ ಬ್ಯಾಂಕಿನೆದುರು ಮರದಡಿಯಲ್ಲಿ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂರುವವನು. 1961ರ 'ದಿ ಮ್ಯಾನ್‌ಈಟರ್ ಆಫ್ ಮಾಲ್ಗುಡಿ'ಯ ನಟರಾಜ ಮುದ್ರಣಾಲಯದವನು. 1967ರ 'ದಿ ವೆಂಡರ್ ಆಫ್ ಸ್ವೀಟ್ಸ್'ನ ಜಗನ್ ಮಿಠಾಯಿ ಅಂಗಡಿಯವನು. ರಾಜರ ಊರಿನಲ್ಲಿ ಕುಳಿತು ಅವರು ಅಂಗಡಿಯವರ ಕಥೆ ಬರೆದರು. ಯಾದವಗಿರಿಯ ಅವರ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿದೆ.

ಮೆಟ್ಟಿಲ ಕೆಳಗೆ ನಿಂತವರು

ಹಳೆಯ ಅಂಗಡಿಗಳನ್ನು ಹೊಗಳುವಾಗ ಒಂದು ವಿಷಯವನ್ನು ಮುಚ್ಚಿಡಲಾಗದು. ಅಂಗಡಿಯವರೆಲ್ಲ ಸತ್ಯಹರಿಶ್ಚಂದ್ರರಾಗಿದ್ದರೆಂದು ಯಾರೂ ಹೇಳಲಾರರು. ತೂಕದ ಕಲ್ಲು ಸವೆದಿರುವುದೂ, ಸಾಲದ ಪುಸ್ತಕ ಬೆಳೆಯುವುದೂ ನಮಗೆ ಗೊತ್ತಿರುವ ಸಂಗತಿಗಳೇ. ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಗ್ರಂದಿಗೆ ಅಂಗಡಿಯಲ್ಲಿ ಪರಿಚಯವಾದ ಎಂಬತ್ತು ದಾಟಿದ ಹಿರಿಯರೊಬ್ಬರು ತಮ್ಮ ಹಳ್ಳಿಯ ಅಂಗಡಿಯ ಕಥೆ ಹೇಳಿದರು. ಅವರ ತಂದೆ ಜಗಲಿಯ ಮೇಲೆ ಕಾಲಿಡುವಂತಿರಲಿಲ್ಲ. ಕಾಸನ್ನು ನೆಲದ ಮೇಲಿಟ್ಟು ದೂರ ಸರಿಯಬೇಕು, ಸಾಮಾನನ್ನು ಮೇಲಿನಿಂದ ಚೀಲಕ್ಕೆ ಹಾಕುವರು. "ನಮ್ಮಪ್ಪ ಬೆಲ್ಲ ತಂದ್ರೆ ಅದ್ರಲ್ಲಿ ಮಣ್ಣೂ ಇರ್ತಿತ್ತು ಮೇಷ್ಟ್ರೇ" ಎಂದು ಅವರು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ನಮ್ಮ ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡವನ್ನು ವರ್ಷವರ್ಷವೂ ಬೋಧಿಸಿದ್ದೇನೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಕಾರಣದಿಂದ ಯಾವ ಪ್ರಜೆಗೂ ಪ್ರವೇಶ ನಿರಾಕರಿಸಬಾರದೆಂದು ಹೇಳುವಾಗ ಅದು ಮೊಟ್ಟಮೊದಲು ಹೆಸರಿಸುವುದು ಅಂಗಡಿಗಳನ್ನು. ಹೋಟೆಲುಗಳು, ಬಾವಿ, ಕೆರೆ, ರಸ್ತೆಗಳೆಲ್ಲ ಅನಂತರ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಈ ಬಗ್ಗೆ ಪ್ರಶ್ನೆ ಎದ್ದಾಗ ಡಾ. ಅಂಬೇಡ್ಕರ್ ಅವರು 'ಅಂಗಡಿ' ಎಂಬ ಪದವನ್ನು ಕೇವಲ ಒಳಗೆ ಬಿಡುವ ಸಂಕುಚಿತ ಅರ್ಥದಲ್ಲಿ ಬಳಸಿಲ್ಲ, ಒಪ್ಪಿದ ಷರತ್ತಿಗೆ ಸೇವೆಯನ್ನು ಪಡೆಯುವ ವಿಶಾಲ ಅರ್ಥದಲ್ಲಿ ಬಳಸಿದೆ ಎಂದು ಸ್ಪಷ್ಟಪಡಿಸಿದರು. ದೇಶದ ಮೂಲಭೂತ ಹಕ್ಕುಗಳಲ್ಲಿ ಅಂಗಡಿಗೆ ಏಕೆ ಸ್ಥಾನ ಬೇಕಾಯಿತೆಂಬುದು ಆ ಮಣ್ಣು ಬೆರೆತ ಬೆಲ್ಲದ ಕಥೆ ಕೇಳಿದಾಗ ಮನವರಿಕೆಯಾಗುತ್ತದೆ. ಅದೇ ಹಿರಿಯರಿಗೆ ಇಂದು ಗ್ರಂದಿಗೆ ಅಂಗಡಿಯ ಯಜಮಾನರು ಮೊದಲು ಸ್ಟೂಲು ಹಾಕುತ್ತಾರೆ, ಆಮೇಲೆ ಸಾಮಾನು ಕೇಳುತ್ತಾರೆ. ಇಷ್ಟು ದೂರ ನಡೆದು ಬಂದಿದ್ದೇವೆ ಎಂಬುದೂ ಅಂಗಡಿಯ ಇತಿಹಾಸಕ್ಕೇ ಸೇರಿದ್ದು.

ಕುಸಿದ ಗೋಡೆಗಳು

ಈ ಅಂಗಡಿಗಳ ಮುಂದಿನ ದಾರಿ ಸುಗಮವಾಗಿಲ್ಲ. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಹಳೆಯ ಪುಸ್ತಕಗಳ ಅಂಗಡಿಗಳಿಗೆ ಹೆಸರಾಗಿದ್ದ ಸಾಲು ಅದು. ವಿದ್ಯಾರ್ಥಿಗಳು ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡು ವರ್ಷ ಮುಗಿದ ಮೇಲೆ ಮತ್ತೆ ಅಲ್ಲೇ ಮಾರುತ್ತಿದ್ದರೆಂದು ಮೈಸೂರಿನ ಮಿತ್ರರು ಹೇಳುತ್ತಾರೆ. ನಾನು ಬರುವ ಹೊತ್ತಿಗೆ ಆ ಕಂಬಸಾಲು ಬಾಗಿಲು ಮುಚ್ಚಿ ನಿಂತಿತ್ತು. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲಿನ ಭಾಗ ಕುಸಿಯಿತು. ಕೆಡವಿ ಹೊಸದಾಗಿ ಕಟ್ಟಬೇಕೆಂಬ ತಜ್ಞರು ಒಂದು ಕಡೆ, ದುರಸ್ತಿ ಮಾಡಿ ಉಳಿಸಬಹುದೆಂಬ ತಜ್ಞರು ಇನ್ನೊಂದು ಕಡೆ. ವಿವಾದ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಸುರಕ್ಷತೆಯ ಮಾತು ಸಣ್ಣದಲ್ಲ. ನಾಲ್ಕು ಜೀವ ಹೋದ ಮೇಲೆ ಯಾರೂ ಅದನ್ನು ಹಗುರವಾಗಿ ಕಾಣಲಾರರು. ಆದರೆ ಈ ಚರ್ಚೆಯಲ್ಲಿ ಸುಣ್ಣ ಗಾರೆಯ ಕಟ್ಟಡ ಪರಂಪರೆಯೇ ಅಲ್ಲವೇ ಎಂಬ ಪ್ರಶ್ನೆ ಎಷ್ಟು ಕೇಳಿಬರುತ್ತದೋ, ಅದರೊಳಗೆ ಕುಳಿತವರು ಪರಂಪರೆಯೇ ಅಲ್ಲವೇ ಎಂಬ ಪ್ರಶ್ನೆ ಅಷ್ಟು ಕೇಳಿಬರುವುದಿಲ್ಲ.

ಗೋಡೆ ಕುಸಿಯದ ಕಡೆಗಳಲ್ಲೂ ಅಂಗಡಿಗಳು ಸದ್ದಿಲ್ಲದೆ ಕುಗ್ಗುತ್ತಿವೆ. 2016ರ ನವೆಂಬರಿನ ನೋಟು ರದ್ದತಿ, 2017ರ ಜುಲೈನಿಂದ ಜಿಎಸ್‌ಟಿ, 2020ರ ಮಾರ್ಚಿನ ಲಾಕ್‌ಡೌನ್ – ಐದು ವರ್ಷಗಳೊಳಗೆ ಮೂರು ಪೆಟ್ಟುಗಳು. ಈಗ ಮೊಬೈಲಿನಲ್ಲಿ ಬೆರಳಾಡಿಸಿದರೆ ಅಕ್ಕಿ ಬೇಳೆ ಮನೆಬಾಗಿಲಿಗೆ ಬರುತ್ತವೆ. ಅದರ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಮೊಣಕಾಲು ನೋವಿರುವ ವೃದ್ಧರಿಗೆ ಅದು ವರವೇ. ಆದರೆ ಲಾಕ್‌ಡೌನಿನ ಮೊದಲ ವಾರಗಳಲ್ಲಿ, ಊರಿಗೆ ಬಂದು ವರ್ಷವೂ ತುಂಬದ ನಮ್ಮ ಮನೆಗೆ ಸಾಮಾನು ತಲುಪಿಸಿದವರು ಬೀದಿ ಮೂಲೆಯ ದಿನಸಿ ಅಂಗಡಿಯವರು. ಚೀಟಿಯನ್ನು ಫೋನಿನಲ್ಲಿ ಓದಿ ಹೇಳಿದರೆ ಸಾಕು, ಗೇಟಿನ ಬಳಿ ಚೀಲ ಇರುತ್ತಿತ್ತು. 'ದುಡ್ಡು ಎಲ್ಲಿಗೆ ಓಡೋಗುತ್ತೆ ಸಾರ್, ನಿಧಾನಕ್ಕೆ ಕೊಡಿ' ಎಂದು ವರ್ತನೆಯ ಪುಸ್ತಕದಲ್ಲಿ ನಮ್ಮ ಹೆಸರಿಗೊಂದು ಪುಟ ತೆರೆದರು. ಹಿಂದೆ ಮನೆಗೂ ಅಂಗಡಿಗೂ ತಿಂಗಳ ಲೆಕ್ಕದ ಸಂಬಂಧಕ್ಕೆ 'ವರ್ತನೆ' ಎನ್ನುತ್ತಿದ್ದರು. ನಡತೆಗೂ ಸಾಲಕ್ಕೂ ಒಂದೇ ಪದ. ಆ ಪುಟದಲ್ಲಿ ನಮ್ಮ ಹೆಸರು 'ತುಮಕೂರು ಮೇಷ್ಟ್ರು' ಎಂದಿತ್ತು. ಮೈಸೂರಿನ ಯಾವುದಾದರೊಂದು ದಾಖಲೆಯಲ್ಲಿ ನಾನು ಸೇರಿದೆನೆಂದು ಅಂದು ಅನಿಸಿತು.

ಒಂದು ಸಲಹೆ

ಅರಮನೆಯ ದಾಖಲೆಗಳಿಗೆ ಪತ್ರಾಗಾರವಿದೆ; ಶಾಸನಗಳಿಗೆ ಇಲಾಖೆಯಿದೆ. ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಿಗಾಗಿ ಊರೂರಿನ ಕಲ್ಲುಗಳನ್ನು ಓದಿಸಿ ಬರೆಸಿದರು. ಅಂಗಡಿಯ ಲೆಕ್ಕದ ಪುಸ್ತಕಗಳಿಗೆ ಅಂಥ ಭಾಗ್ಯವಿಲ್ಲ. ಮಾಲೀಕರು ತೀರಿಕೊಂಡು ಮಕ್ಕಳು ಬೇರೆ ಉದ್ಯೋಗ ಹಿಡಿದರೆ ಅವು ರದ್ದಿಗೆ ಹೋಗುತ್ತವೆ. ಯಾವ ವರ್ಷ ಅಕ್ಕಿಗೆ ಎಷ್ಟಿತ್ತು, ಯಾವ ಮನೆಯಲ್ಲಿ ಯಾವ ತಿಂಗಳು ಬೆಲ್ಲದ ಬದಲು ಸಕ್ಕರೆ ಬಂದಿತು, ಯಾವ ಬರಗಾಲದಲ್ಲಿ ಎಷ್ಟು ಜನ ಸಾಲ ತೀರಿಸಲಾರದೆ ಹೋದರು – ಇವೆಲ್ಲ ಬೇರೆಲ್ಲೂ ಪ್ರತಿಯಿಲ್ಲದ ಮಾಹಿತಿಗಳು.

ಆದ್ದರಿಂದ ಇಂದು ತರಗತಿಗಳಲ್ಲಿ ನಿಂತಿರುವ ನನ್ನ ಕಿರಿಯ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಸ್ಥಳೀಯ ಇತಿಹಾಸದ ಯೋಜನೆಯೆಂದರೆ ಮಕ್ಕಳು ಅಂತರ್ಜಾಲದಿಂದ ಅರಮನೆಯ ಚಿತ್ರ ತೆಗೆದು ಅಂಟಿಸಿ ತರುತ್ತಾರೆ. ಅದರ ಬದಲು ಪ್ರತಿ ಮಗುವೂ ತನ್ನ ಬೀದಿಯ ಒಂದು ಹಳೆಯ ಅಂಗಡಿಗೆ ಹೋಗಲಿ. ಇದನ್ನು ಯಾರು, ಯಾವಾಗ ಆರಂಭಿಸಿದರು? ಅವರು ಎಲ್ಲಿಂದ ಬಂದರು, ಏಕೆ ಬಂದರು? ಅಂದು ಮಾರುತ್ತಿದ್ದ, ಇಂದು ಮಾರದ ವಸ್ತು ಯಾವುದು? ಯಾವ ಅಳತೆಯಲ್ಲಿ ಅಳೆಯುತ್ತಿದ್ದರು? ಯಾರು ಒಳಗೆ ಬರುತ್ತಿದ್ದರು, ಯಾರು ಹೊರಗೆ ನಿಲ್ಲುತ್ತಿದ್ದರು? ಈ ಪ್ರಶ್ನೆಗಳನ್ನು ಕೇಳಿ ಎರಡು ಪುಟ ಬರೆದು ತರಲಿ. ಹೋಗುವಾಗ ಏನಾದರೂ ಒಂದನ್ನು ಕೊಂಡು ತರುವಂತೆಯೂ ಹೇಳಿ. ಬೋಣಿಯಾಗದ ಅಂಗಡಿಯಲ್ಲಿ ನಿಂತು ಬರೀ ಪ್ರಶ್ನೆ ಕೇಳುವುದು ಸರಿಯಲ್ಲ.

ನಾನೂ ಒಂದು ಇನ್ನೂರು ಪುಟದ ನೋಟ್‌ಪುಸ್ತಕ ಇಟ್ಟಿದ್ದೇನೆ. ಇದುವರೆಗೆ ಇಪ್ಪತ್ತಮೂರು ಅಂಗಡಿಗಳ ವಿವರ ಬರೆದಾಗಿದೆ. ಅವುಗಳಲ್ಲಿ ನಾಲ್ಕು ಈಗಾಗಲೇ ಮುಚ್ಚಿಹೋಗಿವೆ. ಕೈಗಡಿಯಾರದವರು ಮುಂದಿನ ವಾರ ಬಿಡುವು ಮಾಡಿಕೊಂಡು ತಮ್ಮ ತಂದೆಯ ಕಾಲದ ವಿಷಯ ಹೇಳುವುದಾಗಿ ಒಪ್ಪಿದ್ದಾರೆ.